ಒಂಬತ್ತನೇ ಬೆಡ್‌ನ ಒಂದೂವರೆ ಮಾತ್ರೆ

ಬಸ್ಸು ಮೂರನೇ ಸ್ಟಾಪ್ ದಾಟಿದ ಮೇಲೆ ಗಡಿಬಿಡಿ ಎಂಬ ಹುಡುಗಿ ಬೆವರು ಒರೆಸಿಕೊಳ್ಳಲು ಕರವಸ್ತ್ರ ಹುಡುಕುತ್ತ ಯೂನಿಫಾರ್ಮಿನ ಜೇಬಿಗೆ ಕೈ ಹಾಕಿದಳು. ಕರವಸ್ತ್ರ ಸಿಗಲಿಲ್ಲ. ಸಿಕ್ಕಿದ್ದು ಮಡಚಿದ ಒಂದು ಕಾಗದದ ಪೊಟ್ಟಣ. ಒಳಗಿರುವುದು ಏನೆಂದು ಬೆರಳಿಗೇ ತಿಳಿಯಿತು: ಒಂದು ಇಡೀ ಮಾತ್ರೆ, ಒಂದು ಅರ್ಧ ಮಾತ್ರೆ.

ಹದಿನಾಲ್ಕು ಬೆಡ್‌ಗಳ ಆ ವಾರ್ಡಿನಲ್ಲಿ ಒಂದೂವರೆ ಮಾತ್ರೆ ತೆಗೆದುಕೊಳ್ಳುವವರು ಒಬ್ಬರೇ, ಒಂಬತ್ತನೇ ಬೆಡ್‌ನ ಅಮ್ಮ. ಆ ಅರ್ಧವನ್ನು ಕತ್ತರಿಸಿದ್ದೂ ಇವಳೇ, ನಾಲ್ಕು ಗಂಟೆಗೆ ಇನ್ನೂ ಐದು ನಿಮಿಷವಿರುವಾಗ. ಈಗ ಗಂಟೆ ನಾಲ್ಕೂ ಮೂವತ್ತೈದು. ಮಾತ್ರೆ ಇವಳ ಜೇಬಿನಲ್ಲಿದೆ. ಚಾರ್ಟಿನಲ್ಲಿ ಮಾತ್ರ 'ನಾಲ್ಕು ಗಂಟೆಯದು ಕೊಟ್ಟಾಯಿತು' ಅನ್ನುವ ಚೌಕದೊಳಗೆ ಇವಳ ಸಹಿ ಠೀವಿಯಿಂದ ಕೂತಿದೆ.

ಗಡಿಬಿಡಿ ಅನ್ನುವುದು ಕಾಲೇಜಿನವರು ಇಟ್ಟ ಹೆಸರು. ಮನೆಯವರು ಇಟ್ಟದ್ದು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ನರ್ಸಿಂಗ್ ಎರಡನೇ ವರ್ಷ. ಹುಡುಗಿ ಸೋಮಾರಿಯಲ್ಲ, ತೊಂದರೆ ಇದ್ದದ್ದೇ ಅಲ್ಲಿ. ಕೂತಲ್ಲಿ ಕೂರದವಳು, ಒಂದು ಕೆಲಸ ಕೈಯಲ್ಲಿರುವಾಗಲೇ ಮುಂದಿನದರ ಮೇಲೆ ಕಣ್ಣು ಹಾಕುವವಳು. ಸೋಮಾರಿಯಾಗಿದ್ದರೆ ಇಂಥ ಎಡವಟ್ಟು ಆಗುತ್ತಲೇ ಇರಲಿಲ್ಲ.

ಆ ವಾರ್ಡಿನಲ್ಲೊಂದು ರೂಢಿ ಇತ್ತು. ಯಾರು ಶುರು ಮಾಡಿದರೋ ಗೊತ್ತಿಲ್ಲ, ಎಲ್ಲರೂ ಮಾಡುತ್ತಿದ್ದರು. ಔಷಧದ ಕೋಣೆಯಲ್ಲಿ ಕೂತು ಹದಿನಾಲ್ಕು ಚಾರ್ಟಿಗೂ ಒಟ್ಟಿಗೆ ಸಹಿ ಗೀಚಿ, ಆಮೇಲೆ ಟ್ರಾಲಿ ತಳ್ಳಿಕೊಂಡು ಮಾತ್ರೆ ಹಂಚಲು ಹೊರಡುವುದು. ರೋಗಿ ಮಾತ್ರೆ ನುಂಗಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಸಹಿ ಎಂದು ಪುಸ್ತಕದಲ್ಲಿದೆ. ಆದರೆ ಹಗಲು ಪಾಳಿಯ ಹಿರಿಯ ಸಿಸ್ಟರ್ ಮೊದಲ ವಾರವೇ ಹೇಳಿದ್ದರು: "ಪುಸ್ತಕ ಬರೆದೋರು ಹದಿನಾಲ್ಕು ಬೆಡ್ ನೋಡಿಲ್ಲಮ್ಮ. ಮೊದಲು ಪೆನ್ನಿನ ಕೆಲಸ ಮುಗಿಸ್ಕೋ, ಆಮೇಲೆ ಕಾಲಿನ ಕೆಲಸ." ಗಡಿಬಿಡಿಯ ಅಪ್ಪ ಲಾರಿ ತೂಗುವ ಕಾಟಾದಲ್ಲಿ ಕೆಲಸ ಮಾಡುವವರು. ಡ್ರೈವರುಗಳು ಎಷ್ಟೇ ಕೂಗಾಡಲಿ, ಲಾರಿ ಕಾಟಾ ಹತ್ತಿ ನಿಲ್ಲುವ ತನಕ ಅವರು ಚೀಟಿ ಹರಿದುಕೊಟ್ಟವರಲ್ಲ. ಮಗಳು ಇದನ್ನು ಹುಟ್ಟಿದಾಗಿನಿಂದ ನೋಡಿದ್ದಾಳೆ. ನೋಡಿಯೂ ಸಹಿ ಗೀಚಿದಳು, ಯಾಕೆಂದರೆ ಬೇಗ ಮುಗಿಯುತ್ತದೆ.

ಇವತ್ತು ಆದದ್ದು ಇಷ್ಟೇ. ನಾಲ್ಕು ಗಂಟೆಗೆ ಒಂಬತ್ತನೇ ಬೆಡ್ ಖಾಲಿ ಇತ್ತು. ವಾರ್ಡಿನ ಆಯಾ ಆ ಅಮ್ಮನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿದ್ದಳು. ಬರುತ್ತಾರಲ್ಲ, ಆಮೇಲೆ ಕೊಟ್ಟರಾಯಿತು ಎಂದು ಗಡಿಬಿಡಿ ಪೊಟ್ಟಣವನ್ನು ಜೇಬಿಗಿಳಿಸಿ ಮುಂದೆ ಹೋದಳು. ಹದಿಮೂರನೇ ಬೆಡ್‌ನವರು ಹಾಸಿಗೆಯ ತುಂಬ ವಾಂತಿ ಮಾಡಿಕೊಂಡರು. ಹೊದಿಕೆ ಬದಲಾಯಿಸಿ, ಕೈ ತೊಳೆಯುವಷ್ಟರಲ್ಲಿ ಪಾಳಿ ಬದಲಾಗಿತ್ತು. "ನಾಲ್ಕೂ ಇಪ್ಪತ್ತರ ಬಸ್ಸು ತಪ್ಪುತ್ತೆ, ಓಡೇ" ಎಂದು ಹಿರಿಯ ಸಿಸ್ಟರ್ ಅಂದರು. ಓಡುವುದೊಂದನ್ನು ಇವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಪಕ್ಕದ ಸೀಟಿನಲ್ಲಿ ಗಿಳಿ ಕೂತಿದ್ದಳು. ಇವಳ ಸಹಪಾಠಿ, ಪುಸ್ತಕವನ್ನು ಪುಟದ ನಂಬರಿನ ಸಮೇತ ಒಪ್ಪಿಸುವವಳು, ಆ ಹೆಸರು ಬಂದದ್ದೂ ಅದಕ್ಕೇ. ಪೊಟ್ಟಣ ನೋಡಿದವಳೇ ಕಣ್ಣು ಕಣ್ಣು ಬಿಟ್ಟಳು.

"ಯಾರದ್ದೇ ಇದು?"

"ಎಕ್ಸ್‌ಚೇಂಜ್ ಅಮ್ಮಂದು."

ಗಿಳಿ ಕೈಗಡಿಯಾರ ನೋಡಿಕೊಂಡಳು.

ಎಕ್ಸ್‌ಚೇಂಜ್ ಅಮ್ಮ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಆ ಕಾಲದ ನಾನೂರು ನಂಬರು ಇವತ್ತಿಗೂ ಬಾಯಲ್ಲೇ ಇವೆ ಎಂಬ ಹೆಮ್ಮೆ. ಹೆಮ್ಮೆ ಸುಳ್ಳಲ್ಲ, ವಾರ್ಡಿಗೆ ಬಂದ ಎರಡನೇ ದಿನಕ್ಕೆ ಹದಿನಾಲ್ಕು ರೋಗಿಗಳ ಮನೆಯವರ ಫೋನ್ ನಂಬರುಗಳೂ ಅವರಿಗೆ ಬಾಯಿಪಾಠವಾಗಿದ್ದವು. ಆಯಾ ಯಾರಿಗಾದರೂ ಫೋನ್ ಮಾಡಬೇಕಾದರೆ ರಿಜಿಸ್ಟರ್ ತೆರೆಯುವುದು ಬಿಟ್ಟು ಅವರನ್ನೇ ಕೇಳುತ್ತಿದ್ದಳು. ತಮ್ಮ ಕಾಯಿಲೆಯನ್ನು ಅವರು ಗಡಿಬಿಡಿಗೆ ಪುಸ್ತಕಕ್ಕಿಂತ ಚೆನ್ನಾಗಿ ವಿವರಿಸಿದ್ದರು. "ಲೈನ್ ಸರಿಯಿದೆ ಮಗೂ, ಮೆದುಳಿನಿಂದ ಕಾಲ್ ಬರ್ತಾನೇ ಇದೆ. ಆ ಕಡೆ ಸ್ನಾಯುಗಳಲ್ಲಿ ರಿಸೀವರ್ ಎತ್ತೋರು ಕಮ್ಮಿ ಆಗಿದಾರೆ, ಅಷ್ಟೇ. ನಿನ್ನ ಮಾತ್ರೆ ಬೆಲ್ಲನ್ನ ಇನ್ನೊಂದಿಷ್ಟು ಹೊತ್ತು ಹೊಡ್ಕೊಳ್ಳೋ ಹಾಗೆ ಮಾಡತ್ತೆ."

ಮಾತ್ರೆಯ ಬಲ ಇಳಿಯುತ್ತ ಬಂದ ಹಾಗೆ ಅವರ ರೆಪ್ಪೆ ಇಳಿಯುತ್ತದೆ, ಮಾತು ಮೂಗಿನಿಂದ ಬರುತ್ತದೆ, ಅಗಿಯುವ ದವಡೆ ಸೋಲುತ್ತದೆ. ಆಮೇಲೆ ನುಂಗುವ ಗಂಟಲು, ಕೊನೆಗೆ ಉಸಿರು. ಅದಕ್ಕೇ ಊಟಕ್ಕೆ ಮುಕ್ಕಾಲು ಗಂಟೆ ಮೊದಲು ಮಾತ್ರೆ ಹೊಟ್ಟೆ ಸೇರಿರಲೇಬೇಕು. ಸೇರದಿದ್ದರೆ ತುತ್ತು ಅನ್ನನಾಳಕ್ಕೆ ಹೋಗುವ ಬದಲು ಶ್ವಾಸನಾಳಕ್ಕೆ ಹೋಗಬಹುದು. ಊಟದ ಗಾಡಿ ವಾರ್ಡಿಗೆ ಬರುವುದು ಐದೂವರೆಗೆ, ಅಡುಗೆಯವರಿಗೆ ಅವಸರವಿದ್ದರೆ ಅದಕ್ಕೂ ಮೊದಲೇ.

"ಬಿಡೇ, ಒಂದು ಡೋಸ್ ತಾನೇ?" ಗಿಳಿ ಕೊನೆಗೆ ಅಂದಳು. "ಎಂಟು ಗಂಟೆಗೆ ಮುಂದಿನದು ಕೊಟ್ಟೇ ಕೊಡ್ತಾರೆ."

"ಐದೂವರೆಗೆ ಊಟ ಬರುತ್ತಲ್ಲೇ."

"ಹಾಗಾದ್ರೆ ವಾಪಸ್ ಹೋಗಿ ಸುಮ್ನೆ ಕೈಗೆ ಕೊಟ್ಟು ಬಾ. ಯಾರಿಗೂ ಗೊತ್ತಾಗಲ್ಲ."

"ಸಂಜೆ ಸಿಸ್ಟರ್ ಆಗ್ಲೇ ನೋಡಿ ಕೊಟ್ಟಿದ್ರೆ? ಮೇಲೆ ನಾನೊಂದು ಡೋಸ್ ಕೊಟ್ರೆ?"

ಗಿಳಿಗೆ ಉತ್ತರ ಗೊತ್ತಿತ್ತು, ಪುಟದ ಸಮೇತ ಗೊತ್ತಿತ್ತು. ಈ ಮಾತ್ರೆಯ ಕೆಟ್ಟ ಗುಣವೇ ಅದು. ಕಡಿಮೆಯಾದರೂ ಸ್ನಾಯು ಸೋಲುತ್ತದೆ, ಹೆಚ್ಚಾದರೂ ಸೋಲುತ್ತದೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಯಾವುದು ಎಂದು ಹೇಳಬೇಕಾದ್ದು ಚಾರ್ಟು, ಆ ಚಾರ್ಟಿನಲ್ಲಿ ಇವಳೇ ಸುಳ್ಳು ಬರೆದಿದ್ದಾಳೆ.

"ಹಾಗಾದ್ರೆ ಹೇಳ್ಬಿಡು," ಅಂದಳು ಗಿಳಿ. "ಟ್ಯೂಟರ್ ಮೇಡಂ ರೂಲ್ ನೆನಪಿದ್ಯಲ್ಲ? ತಪ್ಪನ್ನ ತಾನೇ ಮೊದಲು ಕಂಡು ತಾನೇ ಹೇಳಿದೋರಿಗೆ ಕೆಂಪು ಗೆರೆ ಇಲ್ಲ. ಬೇರೆಯೋರು ಕಂಡು ಹೇಳಿದ್ರೆ ಇದೆ. ನಿಂಗೆ ಆಗ್ಲೇ ಎರಡು."

ಎರಡು. ಒಂದು, ಹೃದಯದ ಮಾತ್ರೆ ಕೊಡುವ ಮೊದಲು ಪೂರ್ತಿ ಒಂದು ನಿಮಿಷ ನಾಡಿ ಎಣಿಸದೆ, ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದ್ದಕ್ಕೆ. ಇನ್ನೊಂದು, ಟ್ರಾಲಿಗೆ ಬೀಗ ಹಾಕದೆ ಆಚೆ ಹೋದದ್ದಕ್ಕೆ. ಮೂರನೇ ಕೆಂಪು ಗೆರೆ ಬಿದ್ದರೆ ವರ್ಷವನ್ನು ಮತ್ತೆ ಮೊದಲಿನಿಂದ ಓದಬೇಕು. ಗೆಳತಿಯರೆಲ್ಲ ಮೂರನೇ ವರ್ಷಕ್ಕೆ ಹೋಗುತ್ತಾರೆ, ಇವಳು ಹೊಸ ಹುಡುಗಿಯರ ಜೊತೆ ಕೂತು ಹಾಸಿಗೆ ಹಾಸುವುದನ್ನು ಮತ್ತೆ ಕಲಿಯಬೇಕು. ಅಪ್ಪನಿಗೆ ಏನು ಹೇಳುವುದು?

ಅವಳು ವಾರ್ಡಿಗೆ ಫೋನ್ ಹಚ್ಚಿದಳು. ಏಳೆಂಟು ಸಲ ರಿಂಗಾದ ಮೇಲೆ ಆಯಾ ಎತ್ತಿದಳು. ಹಿಂದಿನಿಂದ ತಟ್ಟೆಗಳ ಸದ್ದು.

"ಸಿಸ್ಟರ್ ಇದಾರಾ?"

"ಡ್ರೆಸ್ಸಿಂಗ್ ಮಾಡ್ತಿದಾರೆ. ಏನು?"

"ಒಂಬತ್ತನೇ ಬೆಡ್..."

"ಒಂಬತ್ತನೇ ಬೆಡ್ಡಿಗೆ ಏನು? ಯಾರು ಮಾತಾಡೋದು?"

ಗಡಿಬಿಡಿ ಫೋನ್ ಇಟ್ಟುಬಿಟ್ಟಳು. ಯಾಕೆ ಇಟ್ಟೆ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು. ಉತ್ತರವೇನೂ ಕಷ್ಟದ್ದಲ್ಲ: ಹೆದರಿದಳು. 'ಯಾರು' ಅಂದ ತಕ್ಷಣ ಕಣ್ಣೆದುರು ಮೂರನೇ ಕೆಂಪು ಗೆರೆ ಬಂದು ನಿಂತಿತ್ತು.

ಕೈ ಕೊಡವಿಕೊಂಡು ಮತ್ತೆ ಹಚ್ಚಿದಳು. ಈ ಸಲ ಲೈನ್ ಎಂಗೇಜ್. ಇನ್ನೊಮ್ಮೆ ಹಚ್ಚಿದಳು, ಎಂಗೇಜ್. ಮೂರನೇ ಸಲ ಹಚ್ಚುವಷ್ಟರಲ್ಲಿ ಅವಳ ಫೋನೇ ಬಡಿದುಕೊಂಡಿತು, ಮನೆಯಿಂದ. ಅಮ್ಮ.

"ಪುಟ್ಟಿ, ಪಕ್ಕದ್ಮನೆ ಆಂಟಿಗೆ ತಲೆ ಸುತ್ತಂತೆ. ಬೆಳಿಗ್ಗೆ ಬಿಪಿ ಮಾತ್ರೆ ತಗೊಂಡ್ರೋ ಇಲ್ವೋ ನೆನಪಿಲ್ವಂತೆ. ಈಗೊಂದು ನುಂಗ್ಬಿಡ್ಲಾ ಅಂತ ಕೇಳ್ತಿದಾರೆ."

"ಬೇಡ ಅಮ್ಮ. ಏನೂ ನುಂಗೋದು ಬೇಡ. ಕ್ಲಿನಿಕ್ಕಿಗೆ ಹೋಗಿ ಬಿಪಿ ನೋಡಿಸ್ಲಿ."

"ಅಯ್ಯೋ, ಅಷ್ಟಕ್ಕೆಲ್ಲ ಕ್ಲಿನಿಕ್ಕಾ? ನಮ್ಮ ಮಗಳೇ ನರ್ಸು ಅಂತ ನಾನು ಅವರಿಗೆ..."

"ಅಮ್ಮ, ತಗೊಂಡ್ರೋ ಇಲ್ವೋ ಗೊತ್ತಿಲ್ದೆ ಮತ್ತೊಂದು ತಗೋಬಾರ್ದು. ಇಡ್ತೀನಿ."

ಇಟ್ಟಳು. ತನ್ನ ಮಾತು ತನ್ನ ಕಿವಿಗೇ ಬಿತ್ತು. ನೆಟ್ಟಗೆ ಎದ್ದು ಬಾಗಿಲ ಕಡೆ ನಡೆದಳು.

"ಎಲ್ಲಿಗೇ?" ಗಿಳಿ ಬ್ಯಾಗು ಹಿಡಿದು ಎಳೆದಳು.

"ವಾಪಸ್. ನೀನು ಫೋನ್ ಹಚ್ತಾನೇ ಇರು. ಸಿಕ್ಕಿದ್ರೆ ಒಂಬತ್ತಕ್ಕೆ ಊಟ ಕೊಡ್ಬೇಡಿ ಅನ್ನು. ಮಾತ್ರೆ ಕೊಟ್ಟಿಲ್ಲ ಅನ್ನು. ನನ್ನ ಹೆಸರು ಹೇಳು."

ಆಚೆ ಬದಿಯ ಸ್ಟಾಪಿನಲ್ಲಿ ಅವಳು ಕಾಲು ಸುಟ್ಟ ಬೆಕ್ಕಿನ ಹಾಗೆ ಅತ್ತಿಂದಿತ್ತ ಓಡಾಡಿದಳು. ಬರುವ ಬಸ್ಸುಗಳೆಲ್ಲ ಬೇರೆ ದಾರಿಯವು. ಬೇಕಾದದ್ದು ಬಂದಾಗ ಗಂಟೆ ಐದಾಗಲು ಮೂರು ನಿಮಿಷ. ಹತ್ತಿ ಕಂಬಿ ಹಿಡಿದು ನಿಂತಳು. ಸೀಟು ಖಾಲಿ ಇತ್ತು, ಕೂರಲಾಗಲಿಲ್ಲ. ಪ್ರತಿ ಸಿಗ್ನಲ್ಲಿನಲ್ಲೂ ಡ್ರೈವರನ ಬೆನ್ನನ್ನು ದುರುಗುಟ್ಟಿಕೊಂಡು ನೋಡಿದಳು, ಅವನ ತಪ್ಪೇ ಅನ್ನುವ ಹಾಗೆ. ಇಪ್ಪತ್ತು ನಿಮಿಷ ಅವಳು ಮನಸ್ಸಿನಲ್ಲಿ ಬೇರೆ ಬೇರೆ ಸುಳ್ಳು ಕಟ್ಟಿದಳು. ಕೊಟ್ಟಿದ್ದೆ, ಅವರು ಉಗುಳಿದರು. ಕೊಟ್ಟಿದ್ದೆ, ಕೆಳಗೆ ಬಿತ್ತು. ಒಂದೊಂದನ್ನೂ ಕಟ್ಟಿ, ಒಂದೊಂದನ್ನೂ ತಾನೇ ಒಡೆದಳು. ಉಗುಳಿದ್ದರೆ ಮಾತ್ರೆ ಒದ್ದೆಯಾಗಿರಬೇಕಿತ್ತು. ಬಿದ್ದಿದ್ದರೆ ಜೇಬಿಗೆ ಯಾಕೆ ಬಂತು? ಸುಳ್ಳು ಹೇಳುವುದಕ್ಕೂ ನಿಧಾನ ಬೇಕು, ಅದು ಇವಳ ಹತ್ತಿರ ಇರಲಿಲ್ಲ.

ಆಸ್ಪತ್ರೆಯ ಮೂರು ಮಹಡಿ ಮೆಟ್ಟಿಲು ಹತ್ತಿ ವಾರ್ಡಿನ ಬಾಗಿಲಿಗೆ ಬರುವಾಗ ಐದೂ ಇಪ್ಪತ್ತೆರಡು. ಊಟದ ಗಾಡಿ ಆಗಲೇ ಬಂದಿತ್ತು, ಹತ್ತನೇ ಬೆಡ್ಡಿನ ಹತ್ತಿರ ಅನಾಥವಾಗಿ ನಿಂತಿತ್ತು. ಆಯಾ ಎದುರಾದಳು.

"ನೀನೇ ಅಲ್ವಾ ಫೋನ್ ಮಾಡಿ ಇಟ್ಟಿದ್ದು? ದನಿ ಕೇಳಿ ಅಂದ್ಕೊಂಡೆ."

ಗಡಿಬಿಡಿ ನಿಲ್ಲದೆ ಒಂಬತ್ತಕ್ಕೆ ಹೋದಳು.

ಪರದೆ ಅರ್ಧ ಎಳೆದಿತ್ತು. ಎಕ್ಸ್‌ಚೇಂಜ್ ಅಮ್ಮ ದಿಂಬಿಗೆ ಒರಗಿ ಕೂತಿದ್ದರು. ಎರಡೂ ರೆಪ್ಪೆ ಇಳಿದು ಕಣ್ಣುಗಳು ಬರೀ ಗೆರೆಯಾಗಿದ್ದವು. ಬಾಯಿ ತೆರೆದುಕೊಳ್ಳದಿರಲೆಂದು ಅಂಗೈಯಿಂದ ದವಡೆಯನ್ನು ಎತ್ತಿ ಹಿಡಿದುಕೊಂಡಿದ್ದರು. ಎದೆಯ ಮೇಲಿನ ಟವೆಲ್ಲಿನಲ್ಲಿ ಸೂಪಿನ ಕಲೆ. ಒಂದು ಚಮಚ ಬಾಯಿಗಿಟ್ಟಾಗಲೇ ನೆತ್ತಿಗೇರಿರಬೇಕು, ಬಟ್ಟಲು ಹಾಗೇ ತುಂಬಿತ್ತು. ಬೆಳಿಗ್ಗೆ ಇದೇ ಹೆಂಗಸು ಒಂದೇ ಉಸಿರಿನಲ್ಲಿ ಮೂವತ್ತನಾಲ್ಕರ ತನಕ ಎಣಿಸಿದ್ದರು. ಈ ಕಾಯಿಲೆಯವರ ಉಸಿರಿನ ಬಲ ನೋಡಲು ಡಾಕ್ಟರುಗಳು ಹಾಗೆ ಎಣಿಸಲು ಹೇಳುತ್ತಾರೆ. ಅಮ್ಮ ಅದನ್ನೊಂದು ಪಂದ್ಯ ಮಾಡಿಕೊಂಡಿದ್ದರು, ದಿನಾ ಒಂದಾದರೂ ನಂಬರು ಮುಂದೆ ಹೋಗಬೇಕು.

ಮೇಜಿನ ಮೇಲೆ ನೀರಿನ ಲೋಟವಿತ್ತು. ಜೇಬಿನಲ್ಲಿ ಪೊಟ್ಟಣವಿತ್ತು. ಪರದೆಯ ಆಚೆ ಯಾರೂ ಇತ್ತ ನೋಡುತ್ತಿರಲಿಲ್ಲ. ಅವಳ ಕೈ ಜೇಬಿನ ತನಕ ಹೋಗಿ ಅಲ್ಲೇ ನಿಂತಿತು.

"ಅಮ್ಮ, ನಾಲ್ಕು ಗಂಟೆ ಮಾತ್ರೆ ಯಾರಾದ್ರೂ ಕೊಟ್ರಾ?"

ಅವರು ದವಡೆಯನ್ನು ಕೈಯಿಂದಲೇ ಆಡಿಸುತ್ತ ನಿಧಾನವಾಗಿ ಮಾತಾಡಿದರು. ಒಂದೊಂದು ಮಾತೂ ಮೂಗಿನಿಂದ, ದೂರದಿಂದ ಬಂದ ಹಾಗೆ ಬಂತು.

"ಕೊಟ್ಟಿದ್ದಾರಂತೆ ಮಗೂ. ನಾನೇ... ತಗೊಂಡಿದ್ದೀನಂತೆ. ಬಂದಿಲ್ಲ ಅಂತ... ಮೂರು ಸಲ ಕೇಳ್ದೆ. ಸಿಸ್ಟರ್ ಚಾರ್ಟ್ ತಂದು ತೋರ್ಸಿದ್ರು. ಸಹಿ ಇದೆ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. "ನಂಗೇ ಮರ್ತೋಗಿದೆ. ತಲೇನೂ ಹೋಯ್ತು ಅಂದ್ಕೊಂಡೆ."

ಅವರ ಕಾಲು ಸೋತಿತ್ತು, ದನಿ ಸೋತಿತ್ತು, ಅದಕ್ಕೆ ಕಾಯಿಲೆ ಕಾರಣ. ನಾನೂರು ನಂಬರಿನ ತಲೆಯ ಮೇಲೆ ಅವರಿಗಿದ್ದ ನಂಬಿಕೆಯನ್ನು ಕಿತ್ತುಕೊಂಡದ್ದು ಕಾಯಿಲೆಯಲ್ಲ, ಇವಳು.

ವಾರ್ಡಿನ ಮೇಜಿನ ಕಡೆಯಿಂದ ಜೂನಿಯರ್ ಡಾಕ್ಟರರ ದನಿ ಕೇಳಿಸಿತು. ಸಂಜೆಯ ಸಿಸ್ಟರ್ ಒಂಬತ್ತನೇ ಬೆಡ್‌ನ ಚಾರ್ಟು ಹಿಡಿದು ಅವರ ಪಕ್ಕ ನಿಂತಿದ್ದರು. ಫೋನು ಇಷ್ಟು ಹೊತ್ತು ಎಂಗೇಜ್ ಇದ್ದದ್ದು ಈ ಡಾಕ್ಟರರನ್ನು ಹುಡುಕುವುದಕ್ಕೇ.

"ನಾಲ್ಕು ಗಂಟೆಗೆ ಒಂದೂವರೆ ಮಾತ್ರೆ ಹೋಗಿದೆ. ಅದರ ಬಲ ಈಗ ಚೆನ್ನಾಗಿರಬೇಕಿತ್ತು. ಈ ಹೊತ್ತಲ್ಲಿ ಇಷ್ಟು ಸೋತಿದಾರೆ ಅಂದ್ರೆ ಮಾತ್ರೆಯೇ ಹೆಚ್ಚಾಗಿರ್ಬೇಕು. ಎಂಟು ಗಂಟೇದು ಕೊಡ್ಬೇಡಿ. ತೀವ್ರ ನಿಗಾ ಘಟಕಕ್ಕೆ ಹೇಳ್ತೀನಿ, ಅಲ್ಲಿಗೆ ಕಳ್ಸಿ."

ಬೇಕಾದ ಔಷಧವನ್ನೇ ನಿಲ್ಲಿಸಲು ಹೊರಟಿದ್ದರು. ಡಾಕ್ಟರರದ್ದು ತಪ್ಪಲ್ಲ, ಕಾಗದದಲ್ಲಿ ಇದ್ದದ್ದನ್ನು ನಂಬಿ ಸರಿಯಾಗಿಯೇ ಯೋಚಿಸಿದ್ದರು. ಗಡಿಬಿಡಿ ಪರದೆ ಸರಿಸಿ ಓಡಿದಳು. ಪೊಟ್ಟಣ ಬಿಚ್ಚಿ ಚಾರ್ಟಿನ ಮೇಲೆ, ತನ್ನ ಸಹಿಯ ಮೇಲೇ ಇಟ್ಟಳು.

"ಕೊಟ್ಟಿಲ್ಲ ಡಾಕ್ಟ್ರೇ. ನಾಲ್ಕು ಗಂಟೇದು ಕೊಟ್ಟಿಲ್ಲ. ಸಹಿ ನಂದು. ಮೊದಲೇ ಹಾಕಿದ್ದೆ."

ಸಂಜೆಯ ಸಿಸ್ಟರ್ ಮಾತ್ರೆ ನೋಡಿದರು, ಇವಳ ಮುಖ ನೋಡಿದರು, ಅವರ ಮುಖ ಬಿಳಿಚಿಕೊಂಡಿತು. ಡಾಕ್ಟರ್ ಬಯ್ಯಲಿಲ್ಲ. ಕೇಳಿದ್ದು ಒಂದೇ ಮಾತು.

"ಹನ್ನೆರಡು ಗಂಟೇದು ಕೊಟ್ಟಿದ್ಯಾ? ಕಣ್ಣಲ್ಲಿ ನೋಡಿದ್ಯಾ?"

"ನುಂಗಿದ್ದು ನೋಡಿದ್ದೀನಿ."

"ಅಂದ್ರೆ ಹತ್ತಿರತ್ತಿರ ಐದೂವರೆ ತಾಸಿಂದ ಒಳಗೆ ಏನೂ ಹೋಗಿಲ್ಲ." ಡಾಕ್ಟರ್ ಆಗಲೇ ಬೆಡ್ಡಿನ ಕಡೆ ನಡೆದಿದ್ದರು.

ಅಮ್ಮನಿಗೆ ಒಂದು ಉಸಿರು ತೆಗೆದುಕೊಂಡು ಎಣಿಸಲು ಹೇಳಿದರು. ಒಂದು, ಎರಡು, ಮೂರು. ಎಂಟರ ಹೊತ್ತಿಗೆ ದನಿ ತೆಳ್ಳಗಾಯಿತು. ಹನ್ನೆರಡಕ್ಕೆ ನಿಂತಿತು. ಗಡಿಬಿಡಿ ಮುಂದಿನ ನಂಬರು ಬರುತ್ತದೆಂದು ಕಾದಳು. ಬರಲಿಲ್ಲ.

"ಮಾತ್ರೆ ನುಂಗಿಸಲಿಕ್ಕೆ ಆಗಲ್ಲ. ಇಂಜೆಕ್ಷನ್ ಕೊಡೋಣ. ಆಕ್ಸಿಜನ್ ಪಕ್ಕದಲ್ಲಿರ್ಲಿ. ನಾನಿಲ್ಲೇ ಇರ್ತೀನಿ."

ಗಡಿಬಿಡಿಯ ಕೈ ತಾನಾಗಿ ಟ್ರಾಲಿಯ ಕಡೆ ಹೋಯಿತು. "ನೀನು ಮುಟ್ಬೇಡ," ಅಂದರು ಸಿಸ್ಟರ್. ಅವಳು ಕೈ ಕಟ್ಟಿಕೊಂಡು ಗೋಡೆಗೆ ಒರಗಿದಳು. ಸಿಸ್ಟರ್ ಇನ್ನೊಬ್ಬ ನರ್ಸನ್ನು ಕರೆದು ಗಾಜಿನ ಆಂಪೂಲಿನ ಮೇಲಿನ ಔಷಧದ ಹೆಸರನ್ನು ಗಟ್ಟಿಯಾಗಿ ಓದಿದರು. ಪ್ರಮಾಣ ಓದಿದರು, ಅವಧಿ ಮುಗಿಯುವ ದಿನಾಂಕ ಓದಿದರು. ಸಿರಿಂಜಿಗೆ ಎಳೆದ ಮೇಲೆ ಇಬ್ಬರೂ ಬೇರೆ ಬೇರೆಯಾಗಿ ಗೆರೆ ನೋಡಿ ಎಷ್ಟೆಂದು ಹೇಳಿದರು. ಅಮ್ಮನ ಕೈಪಟ್ಟಿಯ ನಂಬರನ್ನು ಚಾರ್ಟಿನ ನಂಬರಿಗೆ ಹೋಲಿಸಿದರು. ಸಹಿ ಹಾಕಿದ್ದು ಸೂಜಿ ಹೊರಬಂದ ಮೇಲೆ. ಎಲ್ಲ ಸೇರಿ ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಇಷ್ಟು ಹೊತ್ತನ್ನು ಉಳಿಸಲು ಹೋಗಿ ಈ ಸಂಜೆ ಹೀಗಾಯಿತಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಉಕ್ಕಿ ಬಂತು.

ಆ ಅರ್ಧ ಗಂಟೆ ಹೇಗೆ ಕಳೆಯಿತೋ. ಕಿಟಕಿಯ ಹತ್ತಿರ ಹೋದಳು, ಬಂದಳು. ಗಿಳಿಯ ಫೋನು ಬಂತು, ಎತ್ತಲಿಲ್ಲ. ಊಟದ ಗಾಡಿ ಬೆಡ್ಡಿಂದ ಬೆಡ್ಡಿಗೆ ಸಾಗಿತು. ಅಮ್ಮನ ಬಲಗಣ್ಣಿನ ರೆಪ್ಪೆ ಮೊದಲು ಎದ್ದಿತು, ಆಮೇಲೆ ಎಡಗಣ್ಣಿನದು. ದವಡೆಯ ಕೆಳಗಿದ್ದ ಕೈ ತೊಡೆಯ ಮೇಲೆ ಇಳಿಯಿತು. ಡಾಕ್ಟರ್ ಮತ್ತೆ ಎಣಿಸಲು ಹೇಳಿದರು. ಇಪ್ಪತ್ತೇಳು.

"ಸದ್ಯ," ಅಂದರು ಡಾಕ್ಟರ್. "ಇನ್ನೊಂದು ಗಂಟೆ ಬಿಟ್ಟು ನೀರು ಕುಡ್ಸಿ ನೋಡೋಣ." ಹೋಗುವಾಗ ಪೊಟ್ಟಣ ತೋರಿಸಿ ಹೇಳಿದರು, "ಅದನ್ನ ಎಸೀಬೇಡಿ, ವರದಿ ಜೊತೆ ಇಡಿ."

ಗಡಿಬಿಡಿ ಬೆಡ್ಡಿನ ಪಕ್ಕ ಬಂದು ನಿಂತಳು.

"ಅಮ್ಮ, ನೀವು ಮರೆತಿರ್ಲಿಲ್ಲ. ಮಾತ್ರೆ ನನ್ನ ಜೇಬಲ್ಲಿತ್ತು. ಕೊಡದೇನೇ ಕೊಟ್ಟೆ ಅಂತ ಬರ್ದಿದ್ದೆ."

ಅಮ್ಮ ಅವಳನ್ನೇ ನೋಡಿದರು. ಪರವಾಗಿಲ್ಲ ಮಗೂ ಅನ್ನುತ್ತಾರೇನೋ ಎಂದು ಅವಳು ಆಸೆಪಟ್ಟಿದ್ದಳು. ಅವರು ಅನ್ನಲಿಲ್ಲ.

"ನಾನು ಹೇಳಿದ್ದೆ," ಅಂದರು. ದನಿ ಇನ್ನೂ ಪೂರ್ತಿ ಬಂದಿರಲಿಲ್ಲ, ಸಿಟ್ಟು ಪೂರ್ತಿ ಬಂದಿತ್ತು. "ಮೂರು ಸಲ ಹೇಳಿದ್ದೆ. ನಾನು ಮರೆಯೋಳಲ್ಲ ಅಂದೆ. ಕಾಗದ ತಂದು ತೋರಿಸಿದ್ರು. ಒಂದು ಗಂಟೆ ಇಲ್ಲಿ ಕೂತು, ನಂಗೆ ಇನ್ನೇನೇನು ಮರೆತುಹೋಗಿರಬಹುದು ಅಂತ ಲೆಕ್ಕ ಹಾಕಿದ್ದೀನಿ. ಹಳೇ ನಂಬರೆಲ್ಲ ಒಂದೊಂದಾಗಿ ಹೇಳ್ಕೊಂಡೆ. ಅದನ್ನೆಲ್ಲಿ ಬರೀತೀಯ?"

ಸಿಸ್ಟರ್ ಕರೆದರು, ಗಡಿಬಿಡಿ ಹೋದಳು.

ಮೇಜಿನ ಹತ್ತಿರ ಸಂಜೆಯ ಸಿಸ್ಟರ್ ವರದಿಯ ಫಾರಂ ತೆಗೆದಿಟ್ಟಿದ್ದರು. ಮೊದಲು ಚಾರ್ಟು. ಸಹಿಯನ್ನು ಅಳಿಸುವ ಹಾಗಿಲ್ಲ, ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ 'ಕೊಟ್ಟಿಲ್ಲ' ಎಂದು ಬರೆದು, ಈಗಿನ ಸಮಯ ಹಾಕಬೇಕು. ಹಾಕಿದಳು. ಆಮೇಲೆ ಫಾರಂ. ಯಾವ ಔಷಧ, ಎಷ್ಟು, ಹೇಗಾಯಿತು. ಮೊದಲೇ ಸಹಿ ಹಾಕಿದ್ದನ್ನೂ, ಅದು ವಾರ್ಡಿನ ರೂಢಿ ಅನ್ನುವುದನ್ನೂ, ಫೋನ್ ಮಾಡಿ ಹೆಸರು ಹೇಳದೆ ಇಟ್ಟದ್ದನ್ನೂ ಬರೆದಳು. ಅವಳು ಇಷ್ಟು ನಿಧಾನವಾಗಿ ಬರೆದದ್ದನ್ನು ಯಾರೂ ನೋಡಿರಲಿಲ್ಲ. ಕೊನೆಯಲ್ಲಿ ಒಂದು ಚೌಕ ಉಳಿಯಿತು: 'ತಪ್ಪನ್ನು ಮೊದಲು ಗಮನಿಸಿದವರು, ಸಮಯ.'

ಪೆನ್ನು ಅಲ್ಲಿ ನಿಂತದ್ದನ್ನು ಸಿಸ್ಟರ್ ಕಂಡರು. ಒಂದು ಸಲ ಹಿಂದೆ ತಿರುಗಿ ನೋಡಿ, ದನಿ ತಗ್ಗಿಸಿದರು.

"ನೀನೇ ಅಂತ ಬರಿ. ಬಸ್ಸಲ್ಲಿ ನೀನೇ ಕಂಡುಹಿಡಿದೆ ಅಲ್ವಾ? ಸುಳ್ಳೇನಲ್ಲ. ನಿಮ್ಮ ಮೇಡಂ ರೂಲ್ ನಂಗೂ ಗೊತ್ತು, ಕೆಂಪು ಗೆರೆ ತಪ್ಪುತ್ತೆ." ಫಾರಂ ಅವಳ ಕಡೆ ಸರಿಸಿ ಸೇರಿಸಿದರು, "ನಂಗೂ ಮೇಲಿನವರ ಬೈಗುಳ ತಪ್ಪುತ್ತೆ. ಕೆಟ್ಟೋಳು ಅಂದ್ಕೋಬೇಡ. ಸಹಿ ನೋಡಿದ್ಮೇಲೆ ರೋಗಿ ಮಾತು ಯಾರು ಕೇಳ್ತಾರೆ ಹೇಳು."

ಅವರು ಕೆಟ್ಟವರಲ್ಲ. ಈ ಸಂಜೆ ಡಾಕ್ಟರನ್ನು ಹುಡುಕಿ ಕರೆಸಿದ್ದು ಅವರೇ. ಬಸ್ಸಿನಲ್ಲಿ ಕಂಡುಹಿಡಿದದ್ದೂ ಸುಳ್ಳಲ್ಲ. ನಾಲ್ಕೂ ಮೂವತ್ತೈದಕ್ಕೆ ತನ್ನ ಬೆರಳಿಗೆ ಪೊಟ್ಟಣ ಸಿಕ್ಕಿತ್ತು. ಅಮ್ಮ ಮೊದಲ ಸಲ ಕೇಳಿದ್ದು ಯಾವಾಗ? ಅದಕ್ಕೆ ಮೊದಲೋ ಆಮೇಲೋ? ಆಮೇಲೆ ಆಗಿದ್ದರೆ ಚೌಕದಲ್ಲಿ ತನ್ನ ಹೆಸರೇ ಸರಿ, ವರ್ಷ ಉಳಿಯುತ್ತದೆ, ಅಪ್ಪನ ಮುಖ ನೋಡಬಹುದು. ಕೇಳದೆ ಬರೆದುಬಿಟ್ಟರೆ ಅದೂ ಸುಳ್ಳಾಗುವುದಿಲ್ಲ. ಅವಳ ಪೆನ್ನಿನ ತುದಿ ಕಾಗದದ ಮೇಲೆ ಒಂದು ಚುಕ್ಕೆ ಇಟ್ಟಿತು.

ಮೊದಲು ಬರೆದು ಆಮೇಲೆ ನೋಡುವುದು ಇವತ್ತಿಗೆ ಸಾಕಾಗಿತ್ತು. ಅವಳು ಫಾರಂ ಎತ್ತಿಕೊಂಡು ಒಂಬತ್ತಕ್ಕೆ ನಡೆದಳು. ಓಡಲಿಲ್ಲ.

"ಅಮ್ಮ, ಮಾತ್ರೆ ಬಂದಿಲ್ಲ ಅಂತ ಮೊದಲು ಕೇಳಿದ್ದು ಎಷ್ಟು ಹೊತ್ತಿಗೆ?"

ಅಮ್ಮ ಫಾರಂ ನೋಡಿದರು, ಖಾಲಿ ಚೌಕ ನೋಡಿದರು. ಮೂವತ್ತೊಂದು ವರ್ಷ ಕಾಲ್ ಬಂದ ಹೊತ್ತು ಬರೆದವರು, ಯೋಚಿಸಬೇಕಾಗಿರಲಿಲ್ಲ.

"ನೀನು ಬ್ಯಾಗ್ ಹಾಕ್ಕೊಂಡು ಬಾಗಿಲು ದಾಟಿದೆ. ನಾನು ಹಿಂದಿನಿಂದ ಕೂಗ್ದೆ, ನಿಂಗೆ ಕೇಳಿಸ್ಲಿಲ್ಲ. ತಿರುಗಿ ಸಿಸ್ಟರನ್ನ ಕೇಳ್ದೆ."

"ನಾಲ್ಕೂ ಇಪ್ಪತ್ತಾ?"

"ನಾಲ್ಕೂ ಹದಿನೆಂಟು."

ಗಡಿಬಿಡಿ ಮೇಜಿನ ಅಂಚಿಗೆ ಫಾರಂ ಇಟ್ಟು, 'ಒಂಬತ್ತನೇ ಬೆಡ್‌ನ ರೋಗಿ' ಎಂದು ಬರೆದು, ಪಕ್ಕದಲ್ಲಿ ನಾಲ್ಕೂ ಹದಿನೆಂಟು ಎಂದು ಬರೆದಳು. ಬರೆದದ್ದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿದಳು. ಅಮ್ಮ ತಲೆಯಾಡಿಸಿದ ಮೇಲೆ ಕೆಳಗೆ ಸಹಿ ಹಾಕಿದಳು.